ನುಡಿ, ಫಾಂಟು, ಫೈಲು ಏನೂ ಕಳೆಯದೆ ವಿಂಡೋಸನ್ನು ಎಸ್‌ಎಸ್‌ಡಿಗೆ ಸಾಗಿಸುವುದು: ಸಮಗ್ರ ಮಾರ್ಗದರ್ಶಿ

ಗದಗ-ಬೆಟಗೇರಿಯಲ್ಲಿ ನಮ್ಮ ಮಾವನವರದೊಂದು ಡಿಟಿಪಿ ಅಂಗಡಿ ಇದೆ. ಬೆಳಗ್ಗೆ ಬಂದು ಕಂಪ್ಯೂಟರಿನ ಬಟನ್ ಒತ್ತಬೇಕು. ಆಮೇಲೆ ಕಸ ಗುಡಿಸಿ, ಊದಿನಕಡ್ಡಿ ಹಚ್ಚಿ, ಎದುರಿನ ಹೋಟೆಲಿನಿಂದ ಚಹಾ ತರಿಸಿ ಕುಡಿಯಬೇಕು. ಅಷ್ಟು ಹೊತ್ತಿಗೆ ಕೋರೆಲ್‌ಡ್ರಾ ತೆರೆದುಕೊಳ್ಳುತ್ತಿತ್ತು. "ಮಶೀನ್ ಭಾಳ ಮುದುಕ ಆಗೇತಿ, ಹೊಸಾದು ತಗೋಬೇಕೇನೋ" ಎಂದು ಒಂದು ದಿನ ಫೋನ್ ಮಾಡಿದರು. ಹುಬ್ಬಳ್ಳಿಯಿಂದ ಹೋಗಿ ನೋಡಿದೆ. ಐ5 ಪ್ರೊಸೆಸರ್, 8 ಜಿಬಿ ರ‍್ಯಾಮ್. ಮುದುಕ ಆಗಿದ್ದು ಮಶೀನ್ ಅಲ್ಲ, ಒಳಗಿದ್ದ 500 ಜಿಬಿ ಹಾರ್ಡ್ ಡಿಸ್ಕ್.

ಮಾವ ಅಚ್ಚಿನ ಮೊಳೆ ಜೋಡಿಸುವ ಕಾಲದಿಂದ ಈ ಕೆಲಸದಲ್ಲಿದ್ದವರು. ಹಾಗಾಗಿ ಅವರಿಗೆ ಅದೇ ಮಾತಿನಲ್ಲಿ ಹೇಳಿದೆ. ಹಾರ್ಡ್ ಡಿಸ್ಕ್ ಅಂದರೆ ಒಬ್ಬನೇ ಕಂಪೋಸಿಟರ್. ಒಂದು ಅಕ್ಷರಕ್ಕೆ ಈ ಮೂಲೆಯ ಕೇಸಿಗೆ ಓಡಬೇಕು, ಇನ್ನೊಂದಕ್ಕೆ ಆ ಮೂಲೆಗೆ. 7200 ಆರ್‌ಪಿಎಂ ಡಿಸ್ಕ್ ಒಂದು ಸುತ್ತು ತಿರುಗಲು 8.3 ಮಿಲಿಸೆಕೆಂಡ್ ಬೇಕು. ಅದರ ಮೇಲೆ ಓದುವ ತಲೆ ಜಾಗಕ್ಕೆ ಸರಿಯುವ ಹೊತ್ತು ಬೇರೆ. ಹಿಡಿ ಹಿಡಿಯಾಗಿ ಅಲ್ಲಲ್ಲಿ ಬಿದ್ದ ಚಿಕ್ಕ ಫೈಲುಗಳನ್ನು ಸೆಕೆಂಡಿಗೆ ಹೆಚ್ಚೂಕಡಿಮೆ ನೂರು ಸಲ ಮಾತ್ರ ಹೆಕ್ಕಬಲ್ಲದು. ವಿಂಡೋಸ್ ಶುರುವಾಗುವುದೆಂದರೆ ಇಂಥ ಸಾವಿರಾರು ಚಿಕ್ಕ ಫೈಲುಗಳನ್ನು ಹೆಕ್ಕುವ ಕೆಲಸವೇ. ಡಿಟಿಪಿ ಮಶೀನಿನಲ್ಲಿ ಮೇಲಿಂದ ನೂರಾರು ಫಾಂಟುಗಳು. ಎಸ್‌ಎಸ್‌ಡಿ ಅಂದರೆ ಮೆಮೊರಿ ಚಿಪ್ಪಿನ ಡಿಸ್ಕ್. ಅದರಲ್ಲಿ ತಿರುಗುವ ತಟ್ಟೆಯೇ ಇಲ್ಲ, ಎಲ್ಲಾ ಮೊಳೆಯೂ ಕೈಗೆಟುಕುವ ದೂರದಲ್ಲಿ. ಅದಕ್ಕೇ ಹಳೆಯ ಕಂಪ್ಯೂಟರಿಗೂ ಜೀವ ಬರುತ್ತದೆ.

ಹೊಸದಾಗಿ ಹಾಕುವುದೋ, ಕ್ಲೋನ್ ಮಾಡುವುದೋ

"ಫಾರ್ಮ್ಯಾಟ್ ಹೊಡೆದು ಹೊಸ ವಿಂಡೋಸ್ ಹಾಕಿಬಿಡಿ" ಅನ್ನುವವರು ಬಹಳ. ಧಾರವಾಡದಲ್ಲಿ ಓದುವ ಹುಡುಗನ ಲ್ಯಾಪ್‌ಟಾಪ್ ಆದರೆ ನಾನೂ ಅದನ್ನೇ ಹೇಳುತ್ತೇನೆ. ವೈರಸ್ ತುಂಬಿದ ಮಶೀನ್ ಆದರೂ ಅಷ್ಟೇ. ಕಸವನ್ನು ಹೊಸ ಡಿಸ್ಕಿಗೆ ಹೊತ್ತು ಏನು ಪ್ರಯೋಜನ?

ಆದರೆ ಡಿಟಿಪಿ ಅಂಗಡಿ, ಲೆಕ್ಕಪತ್ರದ ಆಫೀಸು, ಸೈಬರ್ ಕೆಫೆ, ಇವುಗಳ ಕಥೆ ಬೇರೆ. ಅಲ್ಲಿ ಕನ್ನಡ ಟೈಪ್ ಮಾಡುವ ಸಾಫ್ಟ್‌ವೇರ್‌ಗಳಾದ ಹತ್ತು ವರ್ಷದ ಹಳೆಯ ನುಡಿ ಇರುತ್ತದೆ, ಬರಹ ಇರುತ್ತದೆ. ಯೂನಿಕೋಡ್‌ಗೆ ಮುಂಚಿನ ಫಾಂಟಿನಲ್ಲಿ ಟೈಪ್ ಮಾಡಿದ ಲಗ್ನಪತ್ರಿಕೆಗಳಿರುತ್ತವೆ. ಆ ಫಾಂಟ್ ಹೋದರೆ "ಶ್ರೀ ಗಣೇಶಾಯ ನಮಃ" ಇದ್ದಲ್ಲಿ ಏನೇನೋ ಇಂಗ್ಲಿಷ್ ಚಿಹ್ನೆಗಳು ಕಾಣುತ್ತವೆ. ಪ್ರಿಂಟರಿನ ಸೆಟ್ಟಿಂಗ್, ಡಿಜಿಟಲ್ ಸಹಿ ಟೋಕನ್ನಿನ ಡ್ರೈವರ್, ಟ್ಯಾಲಿ ಡೇಟಾ ಯಾವ ಫೋಲ್ಡರಿನಲ್ಲಿದೆ ಅನ್ನುವುದು, ಇದೆಲ್ಲ ಯಾರಿಗೂ ನೆನಪಿರುವುದಿಲ್ಲ. ಇಂಥಲ್ಲಿ ಕ್ಲೋನ್ ಮಾಡುವುದೇ ಸರಿ. ಅಂದರೆ ಇಡೀ ಡಿಸ್ಕನ್ನು ಇದ್ದ ಹಾಗೇ ನಕಲು ಮಾಡುವುದು.

ವಿಂಡೋಸ್ ಲೈಸೆನ್ಸ್ ಮುಖ್ಯವಾಗಿ ಮದರ್‌ಬೋರ್ಡನ್ನು ನೋಡುತ್ತದೆ, ಆದ್ದರಿಂದ ಡಿಸ್ಕ್ ಬದಲಾದರೆ ಸಾಮಾನ್ಯವಾಗಿ ತಕರಾರು ಇಲ್ಲ. ಕೆಲವು ಬೇರೆ ಸಾಫ್ಟ್‌ವೇರ್‌ಗಳು ಡಿಸ್ಕಿನ ಸೀರಿಯಲ್ ನಂಬರ್ ನೋಡಿ ಮತ್ತೆ ಆಕ್ಟಿವೇಟ್ ಮಾಡಲು ಕೇಳಬಹುದು. ಲೈಸೆನ್ಸಿನ ಕಾಗದ ಹುಡುಕಿ ಪಕ್ಕಕ್ಕಿಟ್ಟುಕೊಳ್ಳಿ.

ಇನ್ನೊಂದು ಮಾತು. ಕ್ಲೋನ್ ಮಾಡಿದರೆ ವಿಂಡೋಸ್ 10 ಇದ್ದದ್ದು ವಿಂಡೋಸ್ 11 ಆಗುವುದಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಎಸ್‌ಎಸ್‌ಡಿ ವೇಗ ಕೊಡುತ್ತದೆ, ಸೆಕ್ಯುರಿಟಿ ಅಪ್‌ಡೇಟ್ ಕೊಡುವುದಿಲ್ಲ.

ಯಾವ ಎಸ್‌ಎಸ್‌ಡಿ ಕೊಳ್ಳಬೇಕು

ಮೊದಲು ನಿಮ್ಮ ಮಶೀನಿನಲ್ಲಿ ಯಾವ ಜಾಗ ಇದೆ ನೋಡಿ. ಹಳೆಯ ಡೆಸ್ಕ್‌ಟಾಪ್, ಹಳೆಯ ಲ್ಯಾಪ್‌ಟಾಪ್ ಆದರೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿ. ಸಾಟಾ ಅಂದರೆ ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ಹಳೆಯ ಪದ್ಧತಿ. ಇದು ಸೆಕೆಂಡಿಗೆ ಸುಮಾರು 550 ಎಂಬಿ ಓದುತ್ತದೆ. ಹೊಸ ಮಶೀನ್ ಆದರೆ ಎಂ.2 ಎನ್ನುವ ಉದ್ದನೆಯ ಪಟ್ಟಿಯಂಥದ್ದು. ಸಾಮಾನ್ಯವಾಗಿ ಸಿಗುವ 2280 ಎಂದರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ.

ಇಲ್ಲೇ ಜನ ಎಡವುವುದು. ಎಂ.2 ಅನ್ನುವುದು ಆಕಾರದ ಹೆಸರು ಅಷ್ಟೇ. ಅದರಲ್ಲಿ ಸಾಟಾ ಕೂಡ ಇದೆ, ಅದಕ್ಕಿಂತ ವೇಗದ ಹೊಸ ಪದ್ಧತಿ ಎನ್‌ವಿಎಂಇ ಕೂಡ ಇದೆ. ನೋಡಲು ಅಣ್ಣತಮ್ಮಂದಿರ ಹಾಗೆ, ಆದರೆ ಒಂದರ ಜಾಗದಲ್ಲಿ ಇನ್ನೊಂದು ಕೆಲಸ ಮಾಡದಿರಬಹುದು. ಸಾಟಾದ ಪಟ್ಟಿಗೆ ಸಾಮಾನ್ಯವಾಗಿ ಎರಡು ಕಚ್ಚು ಇರುತ್ತವೆ, ಎನ್‌ವಿಎಂಇಗೆ ಒಂದು. ಕಚ್ಚನ್ನೇ ನಂಬಬೇಡಿ, ಮದರ್‌ಬೋರ್ಡಿನ ಅಥವಾ ಲ್ಯಾಪ್‌ಟಾಪಿನ ಮಾಡೆಲ್ ನಂಬರ್ ಹಾಕಿ ಮ್ಯಾನ್ಯುಯಲ್ ನೋಡಿ. ನನ್ನ ಸ್ನೇಹಿತನೊಬ್ಬನಿಗೆ ಒಂದು ಅಂಗಡಿಯವರು ಸಾಟಾ ಮಾತ್ರ ಹಿಡಿಯುವ ಲ್ಯಾಪ್‌ಟಾಪಿಗೆ ಎನ್‌ವಿಎಂಇ ಕೊಟ್ಟು ಕಳಿಸಿದ್ದರು. ಕವರ್ ಹರಿದಿದೆ ಅಂತ ವಾಪಸ್ಸೂ ತಗೊಳ್ಳಲಿಲ್ಲ.

ಈಗ ಅಳತೆಯ ಲೆಕ್ಕ. ಮಾವನ ಡಿಸ್ಕ್ 500 ಜಿಬಿ. ಅಂಗಡಿಯಲ್ಲಿ 480 ಜಿಬಿಯ ಎಸ್‌ಎಸ್‌ಡಿ ಸ್ವಲ್ಪ ಅಗ್ಗಕ್ಕೆ ಸಿಗುತ್ತಿತ್ತು. "20 ಜಿಬಿ ಏನು ಮಹಾ" ಅನ್ನಿಸುತ್ತದೆ ಅಲ್ವಾ? 500 ಜಿಬಿಯದ್ದನ್ನು ವಿಂಡೋಸ್ 465 ಎಂದು ತೋರಿಸುತ್ತದೆ, 480ರದ್ದನ್ನು 447 ಎಂದು. ಒಳಗಿರುವ ಡೇಟಾ 180 ಜಿಬಿಯೇ ಇರಬಹುದು. ಆದರೂ ಕ್ಲೋನ್‌ಜಿಲ್ಲಾದಂಥ ಕ್ಲೋನ್ ಮಾಡುವ ಸಾಧನ ಹೊಸ ಡಿಸ್ಕ್ ಹಳೆಯದರಷ್ಟೇ ಇರಬೇಕು ಅಥವಾ ದೊಡ್ಡದಿರಬೇಕು ಎಂದು ಹಠ ಹಿಡಿಯುತ್ತದೆ. ಆಗ ಪಾರ್ಟಿಶನ್ (ಡಿಸ್ಕಿನೊಳಗೆ ಮಾಡಿದ ಭಾಗ) ಕುಗ್ಗಿಸುವ ಕೆಲಸ ಮೈಮೇಲೆ ಬರುತ್ತದೆ. ಸುಮ್ನೆ 500 ಅಥವಾ 512 ಜಿಬಿಯದ್ದೇ ತಗೊಳ್ಳಿ.

ಎಸ್‌ಎಸ್‌ಡಿ ಬೇಗ ಸವೆಯುತ್ತದೆ ಎಂಬ ಹೆದರಿಕೆ ಮಾವನಿಗೂ ಇತ್ತು. 500 ಜಿಬಿಯ ಒಳ್ಳೆಯ ಸಾಟಾ ಎಸ್‌ಎಸ್‌ಡಿಗೆ 300 ಟಿಬಿ ಬರೆಯುವವರೆಗೆ ಗ್ಯಾರಂಟಿ ಕೊಡುವುದುಂಟು. ಅಂಗಡಿಯಲ್ಲಿ ದಿನಕ್ಕೆ 20 ಜಿಬಿ ಬರೆದರೂ ವರ್ಷಕ್ಕೆ 7.3 ಟಿಬಿ. ನಲವತ್ತು ವರ್ಷದ ಮಾತಾಯಿತು. ಹೆದರಬೇಕಾದ್ದು ಹೆಸರಿಲ್ಲದ ಕಂಪನಿಯ, ನಂಬಲಾಗದಷ್ಟು ಅಗ್ಗದ 2 ಟಿಬಿ ಡಿಸ್ಕುಗಳಿಗೆ. ಲೇಬಲ್ ಮೇಲೆ 2 ಟಿಬಿ, ಒಳಗೆ ಚಿಕ್ಕ ಮೆಮೊರಿ ಚಿಪ್ಪು ಇರುವ ಮೋಸ ಸಾಕಷ್ಟಿದೆ.

ಜೊತೆಗೆ ಡೆಸ್ಕ್‌ಟಾಪಿಗಾದರೆ ಒಂದು ಸಾಟಾ ಡೇಟಾ ಕೇಬಲ್ ಕೊಳ್ಳಿ. ಲ್ಯಾಪ್‌ಟಾಪಿಗಾದರೆ ಸಾಟಾದಿಂದ ಯುಎಸ್‌ಬಿ 3ಕ್ಕೆ ಹೋಗುವ ಅಡಾಪ್ಟರ್, ಎಂ.2 ಆದರೆ ಅದರದ್ದೇ ಯುಎಸ್‌ಬಿ ಕೇಸ್. ಎಸ್‌ಎಸ್‌ಡಿ ಡಬ್ಬಿಯಲ್ಲಿ ಕೇಬಲ್ ಬರುವುದಿಲ್ಲ. ನಾನು ಭಾನುವಾರ ಗದಗಿಗೆ ಹೋಗಿ, ಕೇಬಲ್ ಇಲ್ಲದೆ, ಅಂಗಡಿಗಳೂ ಮುಚ್ಚಿ, ಮಾವನ ಮನೆಯ ಊಟ ಮಾಡಿ ಹಾಗೇ ಬಸ್ ಹತ್ತಿದ್ದಿದೆ.

ಶುರು ಮಾಡುವ ಮುಂಚೆ

ಕ್ಲೋನ್ ಮಾಡುವುದು ನಾಲ್ಕು ಕ್ಲಿಕ್ಕಿನ ಕೆಲಸ. ಕೆಟ್ಟರೆ ಕೆಡುವುದು ಇಲ್ಲೇ, ಅದಕ್ಕೂ ಮುಂಚೆ. ಹಾಗಾಗಿ ಇದನ್ನು ನಿಧಾನವಾಗಿ ಓದಿ.

ಮೊದಲನೆಯದು ಹಳೆಯ ಡಿಸ್ಕಿನ ಆರೋಗ್ಯ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ಸಾಫ್ಟ್‌ವೇರ್ ಹಾಕಿ ತೆರೆಯಿರಿ. ನೀಲಿ ಬಣ್ಣದಲ್ಲಿ "ಗುಡ್" ಇದ್ದರೆ ಮುಂದೆ ಹೋಗಬಹುದು. ಹಳದಿಯಲ್ಲಿ "ಕಾಷನ್" ಇದ್ದರೆ ಕೆಳಗಿನ ಪಟ್ಟಿಯಲ್ಲಿ ರೀಅಲೊಕೇಟೆಡ್ ಸೆಕ್ಟರ್ಸ್, ಕರೆಂಟ್ ಪೆಂಡಿಂಗ್ ಸೆಕ್ಟರ್ ಎಂಬ ಎರಡು ಸಾಲು ನೋಡಿ. ಪೆಂಡಿಂಗ್ ಸೊನ್ನೆಗಿಂತ ಜಾಸ್ತಿ ಇದ್ದರೆ ಡಿಸ್ಕಿನಲ್ಲಿ ಓದಲಾಗದ ಜಾಗಗಳಿವೆ ಎಂದರ್ಥ. ಆಗ ಕ್ಲೋನ್ ಅರ್ಧಕ್ಕೆ ನಿಲ್ಲಬಹುದು. ಅಂಥ ಡಿಸ್ಕಿನಿಂದ ಮೊದಲು ಮುಖ್ಯ ಫೈಲುಗಳನ್ನಷ್ಟೇ ಬೇರೆಡೆಗೆ ತೆಗೆಯಿರಿ. ಟಕ್ ಟಕ್ ಸದ್ದು ಬರುತ್ತಿದ್ದರೆ ಏನೂ ಮಾಡಬೇಡಿ, ಕಂಪ್ಯೂಟರ್ ಆರಿಸಿ ಡೇಟಾ ತೆಗೆಯಲು ಬಲ್ಲವರ ಹತ್ತಿರ ಒಯ್ಯಿರಿ.

ಎರಡನೆಯದು ಬ್ಯಾಕಪ್. ಕ್ಲೋನ್ ಮಾಡುವಾಗ ಹಳೆಯ ಡಿಸ್ಕನ್ನು ಓದುವುದಷ್ಟೇ, ಬರೆಯುವುದಿಲ್ಲ, ನಿಜ. ಆದರೆ ಯಾವುದು ಹಳೆಯದು, ಯಾವುದು ಹೊಸದು ಎಂದು ಆರಿಸುವುದು ನೀವು. ತಿರುವುಮುರುವಾದರೆ ಖಾಲಿ ಡಿಸ್ಕೇ ತುಂಬಿದ ಡಿಸ್ಕಿನ ಮೇಲೆ ನಕಲಾಗುತ್ತದೆ. ಅದಾದ ಮೇಲೆ ಅಳುವುದೊಂದೇ. ಮುಖ್ಯ ಫೈಲುಗಳ ಒಂದು ಪ್ರತಿ ಹೊರಗಿನ ಡಿಸ್ಕಿಗೆ ಹೋಗಲೇಬೇಕು.

ಮೂರನೆಯದು ಬಿಟ್‌ಲಾಕರ್, ಅಂದರೆ ಡಿಸ್ಕಿನ ಡೇಟಾಕ್ಕೆ ವಿಂಡೋಸ್ ಹಾಕುವ ಬೀಗ. ಇದು ಹೆಚ್ಚಾಗಿ ಲ್ಯಾಪ್‌ಟಾಪಿನವರ ತಲೆನೋವು. ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆದ ಹೊಸ ಲ್ಯಾಪ್‌ಟಾಪುಗಳಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ನಿಮಗೆ ಗೊತ್ತಿಲ್ಲದೆಯೇ ಆನ್ ಆಗಿರಬಹುದು. ಸೆಟ್ಟಿಂಗ್ಸ್‌ನಲ್ಲಿ "ಡಿವೈಸ್ ಎನ್‌ಕ್ರಿಪ್ಷನ್" ಎಂದು ಹುಡುಕಿ. ಆನ್ ಇದ್ದರೆ ಮೊದಲು 48 ಅಂಕಿಯ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದುಕೊಳ್ಳಿ. ಅದು ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಇರುತ್ತದೆ. ಆಮೇಲೆ ಎನ್‌ಕ್ರಿಪ್ಷನ್ ಆಫ್ ಮಾಡಿ, ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾಯಿರಿ. ಎಲ್ಲಾ ಮುಗಿದ ಮೇಲೆ ಮತ್ತೆ ಆನ್ ಮಾಡಿದರಾಯಿತು.

ನಾಲ್ಕನೆಯದು ಒಂದು ಚಿಕ್ಕ ಟಿಪ್ಪಣಿ. ಸ್ಟಾರ್ಟ್ ಮೆನುವಿನಲ್ಲಿ "ಸಿಸ್ಟಮ್ ಇನ್ಫರ್ಮೇಶನ್" ತೆರೆದು "ಬಯೋಸ್ ಮೋಡ್" ಮುಂದೆ ಲೆಗಸಿ ಇದೆಯೋ ಯುಇಎಫ್‌ಐ ಇದೆಯೋ ಬರೆದಿಟ್ಟುಕೊಳ್ಳಿ. ಬಯೋಸ್ (ವಿಂಡೋಸ್‌ಗೂ ಮುಂಚೆ ಏಳುವ ಮದರ್‌ಬೋರ್ಡಿನ ಸಾಫ್ಟ್‌ವೇರ್, ಅದರ ಕೀ ಮುಂದೆ ಹೇಳಿದ್ದೇನೆ) ಒಳಗೆ ಹೋಗಿ ಸಾಟಾ ಮೋಡ್ ಎಎಚ್‌ಸಿಐ ಇದೆಯೋ ರೇಡ್ ಇದೆಯೋ ಅದನ್ನೂ ಬರೆಯಿರಿ. ಏನನ್ನೂ ಬದಲಿಸಬೇಡಿ. ಬರೆದಿಟ್ಟಿದ್ದು ಕೊನೆಯಲ್ಲಿ ಕಾಪಾಡುತ್ತದೆ.

ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಸಿ ಡ್ರೈವಿನ ಪ್ರಾಪರ್ಟೀಸ್, ಟೂಲ್ಸ್, ಚೆಕ್ ಒತ್ತಿ ತಪ್ಪುಗಳಿದ್ದರೆ ಸರಿಮಾಡಿಸಿ. ರಿಸೈಕಲ್ ಬಿನ್, ಡೌನ್‌ಲೋಡ್ಸ್ ಖಾಲಿ ಮಾಡಿ.

ಕೊನೆಗೆ ಕರೆಂಟು. ನಡುವೆ ಕರೆಂಟ್ ಹೋದರೆ ಹಳೆಯ ಡಿಸ್ಕಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಮೊದಲಿನಿಂದ ಶುರು ಮಾಡಬೇಕಾಗುತ್ತದೆ ಅಷ್ಟೇ. ಆದರೂ ಅಂಗಡಿಯ ಚಿಕ್ಕ ಯುಪಿಎಸ್ ಹತ್ತು ಹದಿನೈದು ನಿಮಿಷಕ್ಕೆ ಕೈಕೊಡುತ್ತದೆ, ಕ್ಲೋನ್‌ಗೆ ಒಂದು ತಾಸಾದರೂ ಬೇಕು. ಮಳೆಗಾಲದ ಸಂಜೆ ಬೇಡ. ಲಗ್ನದ ಸೀಸನ್ನಿನಲ್ಲಂತೂ ಬೇಡವೇ ಬೇಡ. ನಾಳೆ ಪತ್ರಿಕೆ ಬೇಕೆಂದು ಹುಡುಗಿಯ ಅಪ್ಪ ಬಾಗಿಲಲ್ಲಿ ನಿಂತಿರುವಾಗ ಡಿಸ್ಕ್ ಬಿಚ್ಚುವ ಧೈರ್ಯ ನನಗಂತೂ ಇಲ್ಲ.

ಕ್ಲೋನ್ ಮಾಡುವುದು

ಸಾಧನ ಯಾವುದು? ಎಸ್‌ಎಸ್‌ಡಿ ಕಂಪನಿಯೇ ಕೊಡುವುದು ಎಲ್ಲಕ್ಕಿಂತ ಸುಲಭ. ಸ್ಯಾಮ್‌ಸಂಗ್‌ನದು ಅದರದ್ದೇ ಸಾಫ್ಟ್‌ವೇರ್, ಆದರೆ ಹೊಸ ಡಿಸ್ಕ್ ಸ್ಯಾಮ್‌ಸಂಗ್ ಆಗಿರಬೇಕು. ಕ್ರೂಷಿಯಲ್ ಮತ್ತು ವೆಸ್ಟರ್ನ್ ಡಿಜಿಟಲ್ ತಮ್ಮ ಗಿರಾಕಿಗಳಿಗೆ ಅಕ್ರೋನಿಸ್ ಟ್ರೂ ಇಮೇಜ್‌ನ ಒಂದು ಆವೃತ್ತಿ ಕೊಡುತ್ತವೆ. ಮೊದಲು ಎಲ್ಲರೂ ಬಳಸುತ್ತಿದ್ದ ಮ್ಯಾಕ್ರಿಯಂ ರಿಫ್ಲೆಕ್ಟ್‌ನ ಉಚಿತ ಆವೃತ್ತಿ 2024ರಿಂದ ನಿಂತಿದೆ. ಪೂರ್ತಿ ಉಚಿತ ಬೇಕೆಂದರೆ ಕ್ಲೋನ್‌ಜಿಲ್ಲಾ, ಅಥವಾ ಅದನ್ನೇ ಮೌಸಿನಿಂದ ನಡೆಸುವ ಹಾಗೆ ಮಾಡಿರುವ ರೆಸ್ಕ್ಯೂಜಿಲ್ಲಾ. ಇವೆರಡನ್ನೂ ಪೆನ್‌ಡ್ರೈವಿಗೆ ಬರೆದು, ಅದರಿಂದ ಕಂಪ್ಯೂಟರ್ ಶುರು ಮಾಡಬೇಕು. ಆಗ ವಿಂಡೋಸ್ ಮಲಗಿರುತ್ತದೆ, ಯಾವ ಫೈಲೂ ತೆರೆದಿರುವುದಿಲ್ಲ. ನನಗೆ ಇದೇ ಇಷ್ಟ. ಹೊಸಬರಿಗೆ ಕಂಪನಿಯ ಸಾಫ್ಟ್‌ವೇರೇ ಒಳ್ಳೆಯದು.

1. ಎಸ್‌ಎಸ್‌ಡಿಯನ್ನು ಜೋಡಿಸಿ. ಡೆಸ್ಕ್‌ಟಾಪ್ ಆದರೆ ಪೂರ್ತಿ ಆರಿಸಿ, ಪ್ಲಗ್ ಕಿತ್ತು, ಪವರ್ ಬಟನ್ ಐದಾರು ಸೆಕೆಂಡ್ ಒತ್ತಿ ಹಿಡಿಯಿರಿ. ಕ್ಯಾಬಿನೆಟ್ಟಿನ ಕಬ್ಬಿಣ ಮುಟ್ಟಿ ಮೈಯಲ್ಲಿನ ಸ್ಟ್ಯಾಟಿಕ್ ಇಳಿಸಿ. ಆಮೇಲೆ ಡೇಟಾ ಕೇಬಲ್, ಪವರ್ ಕೇಬಲ್ ಎರಡನ್ನೂ ಹಾಕಿ. ಲ್ಯಾಪ್‌ಟಾಪ್ ಆದರೆ ಯುಎಸ್‌ಬಿ ಅಡಾಪ್ಟರಿನಲ್ಲಿ ಹಾಕಿ ಚುಚ್ಚಿ, ಚಾರ್ಜರ್ ಹಾಕಿಯೇ ಇಡಿ.

2. ವಿಂಡೋಸಿನಲ್ಲಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಹೊಸ ಡಿಸ್ಕ್ ಕಂಡರೆ ಎಂಬಿಆರ್ ಬೇಕೋ ಜಿಪಿಟಿ ಬೇಕೋ ಎಂದು ಕೇಳುತ್ತದೆ. ಇವು ಡಿಸ್ಕಿನ ಪಾರ್ಟಿಶನ್ ಪಟ್ಟಿ ಬರೆದಿಡುವ ಎರಡು ಪದ್ಧತಿ. ಬಯೋಸ್ ಮೋಡ್ ಯುಇಎಫ್‌ಐ ಎಂದು ಬರೆದುಕೊಂಡಿದ್ದರೆ ಜಿಪಿಟಿ, ಲೆಗಸಿ ಆಗಿದ್ದರೆ ಎಂಬಿಆರ್. ಫಾರ್ಮ್ಯಾಟ್ ಮಾಡುವುದು ಬೇಕಿಲ್ಲ.

3. ಕ್ಲೋನ್ ಸಾಫ್ಟ್‌ವೇರಿನಲ್ಲಿ ಸೋರ್ಸ್ ಅಂದರೆ ಹಳೆಯದು, ಟಾರ್ಗೆಟ್ ಅಂದರೆ ಹೊಸದು. ಎರಡೂ 500 ಜಿಬಿ ಆದಾಗ ಅಳತೆ ನೋಡಿ ಗುರುತು ಸಿಗುವುದಿಲ್ಲ. ಅದಕ್ಕೆ ಎರಡರ ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಕ್ಷರ ಕಾಗದದಲ್ಲಿ ಬರೆದಿಟ್ಟುಕೊಂಡು ಹೋಲಿಸಿ. ನಾನು ಗಟ್ಟಿಯಾಗಿ ಓದುತ್ತೇನೆ, ಮಾವ ಕಾಗದ ನೋಡಿ "ಹೌದು" ಅನ್ನುತ್ತಾರೆ. ಪ್ರೂಫ್ ನೋಡುವ ಪದ್ಧತಿಯೇ.

4. ಸಿ ಡ್ರೈವ್ ಒಂದನ್ನೇ ಆರಿಸಬೇಡಿ, ಇಡೀ ಡಿಸ್ಕ್ ಆರಿಸಿ. ವಿಂಡೋಸ್ ಶುರುವಾಗಲು ಬೇಕಾದ ಇಎಫ್‌ಐ ಪಾರ್ಟಿಶನ್ ಬೇರೆಯೇ ಇರುತ್ತದೆ, ಸಾಮಾನ್ಯವಾಗಿ 100 ಎಂಬಿ. ಅದು ಬರದಿದ್ದರೆ ಫೈಲುಗಳೆಲ್ಲ ಇದ್ದೂ ಕಂಪ್ಯೂಟರ್ ಏಳುವುದಿಲ್ಲ.

5. ಶುರು ಮಾಡಿ, ಕೈ ಕಟ್ಟಿ ಕೂರಿ. 180 ಜಿಬಿಗೆ ಹಾರ್ಡ್ ಡಿಸ್ಕ್ ಸೆಕೆಂಡಿಗೆ 100 ಎಂಬಿ ಕೊಟ್ಟರೆ ಅರ್ಧ ತಾಸು. ಆದರೆ ಹಳೆಯ ಡಿಸ್ಕ್ ಒಂದೇ ಸಮ ಅಷ್ಟು ಕೊಡುವುದಿಲ್ಲ, ತಾಸು ಒಂದೂವರೆ ತಾಸು ಹಿಡಿಯಿರಿ. ಯುಎಸ್‌ಬಿ 2 ಪೋರ್ಟಿಗೆ ಚುಚ್ಚಿದರೆ ಇನ್ನೂ ಜಾಸ್ತಿ. ಲ್ಯಾಪ್‌ಟಾಪಿನಲ್ಲಿ ಒಳಗೆ ನೀಲಿ ಬಣ್ಣ ಇರುವ ಪೋರ್ಟ್ ಸಾಮಾನ್ಯವಾಗಿ ಯುಎಸ್‌ಬಿ 3. ನಡುವೆ ಸ್ಲೀಪ್ ಮೋಡಿಗೆ ಹೋಗದ ಹಾಗೆ ಸೆಟ್ಟಿಂಗ್ ಬದಲಿಸಿಡಿ.

ಮೊದಲ ಸಲ ಆನ್ ಮಾಡುವಾಗ ಹಳೆಯ ಡಿಸ್ಕ್ ಹೊರಗಿರಲಿ

ಇದನ್ನು ನಾನು ಕಲಿತಿದ್ದು ಬೈಸಿಕೊಂಡು. ವರ್ಷಗಳ ಹಿಂದೆ ವಿದ್ಯಾನಗರದ ಪರಿಚಯದವರೊಬ್ಬರ ಮಶೀನಿಗೆ ಕ್ಲೋನ್ ಮಾಡಿ, ಎರಡೂ ಡಿಸ್ಕ್ ಒಳಗೇ ಬಿಟ್ಟು ಬಂದೆ. ವಿಂಡೋಸ್ ಎದ್ದಿತು, ಎಲ್ಲಾ ಸರಿ ಕಂಡಿತು. ನಿಜವಾಗಿ ಅದು ಏಳುತ್ತಿದ್ದುದು ಹಳೆಯ ಡಿಸ್ಕಿನಿಂದಲೇ. ಎಂಟು ದಿನದ ನಂತರ ಹೋಗಿ ಹಳೆಯದನ್ನು ಕಿತ್ತೆ. ಮಶೀನ್ ಎಸ್‌ಎಸ್‌ಡಿಯಿಂದ ಎದ್ದಿತು, ಎಂಟು ದಿನದ ಬಿಲ್ಲುಗಳು ಮಾಯ! ಹಳೆಯ ಡಿಸ್ಕಿನಲ್ಲಿ ಇದ್ದವು, ಸಿಕ್ಕವು. ಆದರೆ ಆ ಅರ್ಧ ತಾಸು ಅವರ ಮುಖ ನೋಡಲು ಆಗಲಿಲ್ಲ.

ಆದ್ದರಿಂದ ಕ್ಲೋನ್ ಮುಗಿದ ಕೂಡಲೇ ಕಂಪ್ಯೂಟರ್ ಆರಿಸಿ, ಹಳೆಯ ಡಿಸ್ಕಿನ ಕೇಬಲ್ ಕಿತ್ತುಬಿಡಿ. ಎರಡೂ ಡಿಸ್ಕಿಗೆ ಒಂದೇ ಗುರುತಿನ ಸಂಖ್ಯೆ ಬಂದಿದ್ದರೆ ವಿಂಡೋಸ್ ಒಂದನ್ನು ಆಫ್‌ಲೈನ್ ಮಾಡುತ್ತದೆ. ಆ ಗೊಂದಲವೂ ತಪ್ಪುತ್ತದೆ.

ಲ್ಯಾಪ್‌ಟಾಪಿನಲ್ಲಿ ಹಿಂದಿನ ಮುಚ್ಚಳ ತೆಗೆದ ತಕ್ಷಣ ಬ್ಯಾಟರಿಯ ಕನೆಕ್ಟರ್ ಬಿಡಿಸಿ. ಸ್ಕ್ರೂಗಳು ಬೇರೆ ಬೇರೆ ಉದ್ದ ಇರುತ್ತವೆ, ಯಾವುದು ಎಲ್ಲಿಯದು ಎಂದು ಫೋಟೋ ತೆಗೆದಿಟ್ಟುಕೊಳ್ಳಿ. 2.5 ಇಂಚಿನ ಎಸ್‌ಎಸ್‌ಡಿಗಳು ಹೆಚ್ಚಾಗಿ 7 ಮಿಲಿಮೀಟರ್ ದಪ್ಪ. ಹಳೆಯ ಲ್ಯಾಪ್‌ಟಾಪಿನ ಜಾಗ 9.5 ಇದ್ದರೆ ಅಲುಗಾಡದ ಹಾಗೆ ಪ್ಲಾಸ್ಟಿಕ್ ಚೌಕಟ್ಟು ಬೇಕಾಗುತ್ತದೆ. ಎಂ.2 ಪಟ್ಟಿಯನ್ನು ಓರೆಯಾಗಿ ತೂರಿಸಿ, ಮೆಲ್ಲಗೆ ಕೆಳಗೊತ್ತಿ ಸ್ಕ್ರೂ ಹಾಕಿ. ಡೆಸ್ಕ್‌ಟಾಪಿನಲ್ಲಿ ಬೇಕಾದ ಚೌಕಟ್ಟು ಇಲ್ಲದಿದ್ದರೆ ಗಾಬರಿ ಬೇಡ. ಎಸ್‌ಎಸ್‌ಡಿ ಹಗುರ, ಒಳಗೆ ತಿರುಗುವುದು ಏನೂ ಇಲ್ಲ, ಎರಡು ಸ್ಕ್ರೂ ಕೂತರೆ ಸಾಕು. ಹೇಗೂ ಬಿಚ್ಚಿದ್ದೀರಿ, ಬ್ರಷ್ ಹಿಡಿದು ಫ್ಯಾನಿನ ದೂಳನ್ನೂ ತೆಗೆದುಬಿಡಿ. ಮಾವನ ಮಶೀನಿನಲ್ಲಿ ಪೇಪರಿನ ದೂಳು ಹತ್ತಿಯ ಹಾಗೆ ಕೂತಿತ್ತು.

ಈಗ ಆನ್ ಮಾಡಿ ಬಯೋಸ್ ಒಳಗೆ ಹೋಗಿ. ಕಂಪನಿಗೊಂದು ಕೀ. ಡಿಲೀಟ್, ಎಫ್2, ಎಫ್10 ಇವುಗಳಲ್ಲಿ ಒಂದು. ಬೂಟ್ ಆರ್ಡರಿನಲ್ಲಿ ಯುಇಎಫ್‌ಐ ಆದರೆ "ವಿಂಡೋಸ್ ಬೂಟ್ ಮ್ಯಾನೇಜರ್", ಲೆಗಸಿ ಆದರೆ ಎಸ್‌ಎಸ್‌ಡಿಯ ಹೆಸರು ಮೊದಲಿರಲಿ. ಉಳಿಸಿ ಹೊರಗೆ ಬನ್ನಿ.

ಏಳಲಿಲ್ಲವೇ?

ಮೊದಲು ನೀವು ಬರೆದಿಟ್ಟ ಟಿಪ್ಪಣಿ ತೆಗೆಯಿರಿ. ಬಯೋಸ್ ಮೋಡ್ ಅದೇ ಇದೆಯೇ? ಬಯೋಸ್ ಬ್ಯಾಟರಿ ಸತ್ತ ಹಳೆಯ ಮಶೀನುಗಳು ಪ್ಲಗ್ ಕಿತ್ತ ಕೂಡಲೇ ಎಲ್ಲ ಸೆಟ್ಟಿಂಗ್ ಮರೆತುಬಿಡುತ್ತವೆ. ಎಎಚ್‌ಸಿಐ ಇದ್ದದ್ದು ರೇಡ್ ಆಗಿದ್ದರೆ "ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್" ಎಂಬ ನೀಲಿ ಪರದೆ ಬರುತ್ತದೆ. ಹಿಂದಿನಂತೆ ಮಾಡಿ.

ಸಾಟಾದಿಂದ ಎನ್‌ವಿಎಂಇಗೆ ಹೋದವರಿಗೂ ಇದೇ ನೀಲಿ ಪರದೆ ಬರುವುದುಂಟು, ಏಕೆಂದರೆ ವಿಂಡೋಸ್ ಆ ಡ್ರೈವರನ್ನು ಶುರುವಿನಲ್ಲೇ ಎಬ್ಬಿಸಿರುವುದಿಲ್ಲ. ಒಂದು ಸಲ ಸೇಫ್ ಮೋಡಿನಲ್ಲಿ ಎದ್ದರೆ ಬಹಳ ಸಲ ಸರಿಹೋಗುತ್ತದೆ. ತೀರಾ ಹಳೆಯ ಮದರ್‌ಬೋರ್ಡುಗಳ ಬಯೋಸಿಗೆ ಎನ್‌ವಿಎಂಇಯಿಂದ ಏಳುವುದೇ ಗೊತ್ತಿಲ್ಲ. ಅಲ್ಲಿ ಸಾಟಾ ಎಸ್‌ಎಸ್‌ಡಿಯೇ ಗತಿ.

ಇದ್ಯಾವುದೂ ಅಲ್ಲದಿದ್ದರೆ ಬೇರೆ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟಿನ ಮೀಡಿಯಾ ಕ್ರಿಯೇಷನ್ ಟೂಲ್ ಇಳಿಸಿ, 8 ಜಿಬಿ ಪೆನ್‌ಡ್ರೈವಿಗೆ ವಿಂಡೋಸ್ ಹಾಕಿ. ಅದರಿಂದ ಎದ್ದು "ರಿಪೇರ್ ಯುವರ್ ಕಂಪ್ಯೂಟರ್", ಆಮೇಲೆ "ಸ್ಟಾರ್ಟಪ್ ರಿಪೇರ್". ಒಂದೆರಡು ಸಲ ಓಡಿಸಬೇಕಾಗಬಹುದು. ಅದಕ್ಕೂ ಬಗ್ಗದಿದ್ದರೆ ಹಳೆಯ ಡಿಸ್ಕ್ ವಾಪಸ್ ಹಾಕಿ, ಅಂಗಡಿಯ ಕೆಲಸ ನಡೆಯಲಿ. ಮುಂದಿನ ಭಾನುವಾರ ಮತ್ತೆ ನೋಡಿದರಾಯಿತು.

ಎದ್ದ ಮೇಲೆ

ನುಡಿ ತೆರೆಯಿರಿ, ಒಂದು ಹಳೆಯ ಪತ್ರಿಕೆ ತೆರೆಯಿರಿ, ಒಂದು ಪ್ರಿಂಟ್ ಕೊಡಿ. ಟ್ಯಾಲಿ ತೆರೆದು ನಿನ್ನೆಯ ಲೆಕ್ಕ ನೋಡಿ.

"ಡಿಫ್ರಾಗ್ಮೆಂಟ್ ಅಂಡ್ ಆಪ್ಟಿಮೈಸ್ ಡ್ರೈವ್ಸ್" ತೆರೆದರೆ ಸಿ ಡ್ರೈವಿನ ಮುಂದೆ "ಸಾಲಿಡ್ ಸ್ಟೇಟ್ ಡ್ರೈವ್" ಎಂದು ಕಾಣಬೇಕು. ಹಾಗಿದ್ದರೆ ವಿಂಡೋಸ್ ತಾನೇ ಟ್ರಿಮ್ ಎಂಬ ಕೆಲಸ ಮಾಡಿಕೊಳ್ಳುತ್ತದೆ. ಅಂದರೆ ಅಳಿಸಿದ ಜಾಗ ಯಾವುದೆಂದು ಎಸ್‌ಎಸ್‌ಡಿಗೆ ತಿಳಿಸುವುದು. ಬೇರೆ ಡಿಫ್ರಾಗ್ ಸಾಫ್ಟ್‌ವೇರ್ ಇದ್ದರೆ ತೆಗೆದುಹಾಕಿ. ದೊಡ್ಡ ಡಿಸ್ಕ್ ಕೊಂಡಿದ್ದರೆ ಉಳಿದ ಜಾಗ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಕಪ್ಪು ಪಟ್ಟಿಯಾಗಿ ಕಾಣುತ್ತದೆ. ಕೊನೆಯ ಪಾರ್ಟಿಶನ್ ಮೇಲೆ ರೈಟ್ ಕ್ಲಿಕ್, ಎಕ್ಸ್‌ಟೆಂಡ್. ನಡುವೆ ರಿಕವರಿ ಪಾರ್ಟಿಶನ್ ಅಡ್ಡ ಕೂತಿದ್ದರೆ ಎಕ್ಸ್‌ಟೆಂಡ್ ಮಸುಕಾಗಿರುತ್ತದೆ. ಹಾಗಾದರೆ ಉಳಿದ ಜಾಗವನ್ನು ಹೊಸ ಡ್ರೈವ್ ಮಾಡಿಕೊಳ್ಳಿ, ಅದಕ್ಕಾಗಿ ರಿಕವರಿ ಅಳಿಸಲು ಹೋಗಬೇಡಿ.

ಎಸ್‌ಎಸ್‌ಡಿ ತುಂಬಿ ತುಳುಕಿದರೆ ನಿಧಾನವಾಗುತ್ತದೆ. ಐದರಲ್ಲಿ ಒಂದು ಪಾಲಾದರೂ ಖಾಲಿ ಬಿಡುವುದು ನನ್ನ ರೂಢಿ.

ಹಳೆಯ ಡಿಸ್ಕ್

ಒಂದು ತಿಂಗಳು ಮುಟ್ಟಬೇಡಿ. ತಾರೀಕು ಬರೆದ ಚೀಟಿ ಅಂಟಿಸಿ ಕಪಾಟಿನಲ್ಲಿಡಿ. ಆ ಒಂದು ತಿಂಗಳಲ್ಲಿ ಸರಸ್ವತಿ ಪೂಜೆಯ ಹ್ಯಾಂಡ್‌ಬಿಲ್ ಎಲ್ಲಿ, ಫಲಾನೆಯವರ ಲೋಗೋ ಎಲ್ಲಿ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ.

ತಿಂಗಳಾದ ಮೇಲೆ ಆರೋಗ್ಯ "ಗುಡ್" ಇದ್ದರೆ ಮತ್ತೆ ಮಶೀನಿಗೇ ಜೋಡಿಸಿ, ಫಾರ್ಮ್ಯಾಟ್ ಮಾಡಿ, ವಾರಕ್ಕೊಮ್ಮೆ ಬ್ಯಾಕಪ್ ಇಡಲು ಬಳಸಬಹುದು. ನಿಧಾನವಾದರೂ ಆ ಕೆಲಸಕ್ಕೆ ಏನೂ ತೊಂದರೆಯಿಲ್ಲ. ಮಾರುವುದಾದರೆ, ಗುಜರಿಗೆ ಹಾಕುವುದಾದರೆ ಕ್ವಿಕ್ ಫಾರ್ಮ್ಯಾಟ್ ಸಾಲದು. ಅದರಿಂದ ಹೆಸರಿನ ಪಟ್ಟಿ ಹೋಗುತ್ತದೆ, ಫೈಲು ಹೋಗುವುದಿಲ್ಲ. ಫಾರ್ಮ್ಯಾಟ್ ಪೆಟ್ಟಿಗೆಯಲ್ಲಿ "ಕ್ವಿಕ್ ಫಾರ್ಮ್ಯಾಟ್" ಎದುರಿನ ಟಿಕ್ ತೆಗೆದು ಶುರು ಮಾಡಿ. ಆಗ ಡಿಸ್ಕಿನ ತುಂಬ ಸೊನ್ನೆ ಬರೆಯುತ್ತದೆ, ಕೆಲವು ತಾಸು ಹಿಡಿಯುತ್ತದೆ. ಡಿ ಡ್ರೈವ್ ಇದ್ದರೆ ಅದಕ್ಕೂ ಹೀಗೇ ಮಾಡಿ. ಗಿರಾಕಿಗಳು ಪ್ರಿಂಟಿಗೆ ಕೊಟ್ಟ ಆಧಾರ್ ಕಾರ್ಡು, ಪಾಸ್‌ಬುಕ್ಕಿನ ಸ್ಕ್ಯಾನ್ ಎಲ್ಲ ಅದರಲ್ಲೇ ಇರುತ್ತವೆ.